ಸಂಡೂರಿನ ಓದು, ಕಂಪ್ಲಿಯ ಅನ್ನ

ಸಂಡೂರು
14 ಜುಲೈ 2025

ಶ್ರೀಮತಿ ನೀಲಗಂಗಮ್ಮ ಅವರಿಗೆ ನಮಸ್ಕಾರ.

ನನ್ನ ಹೆಸರು ಚಂದ್ರಕಲಾ. ಸಂಡೂರಿನ ಒಂದು ಚಿಕ್ಕ ಖಾಸಗಿ ಶಾಲೆಯಲ್ಲಿ ಐದನೆಯ ತರಗತಿಯ ಟೀಚರ್. ಹೊಸಪೇಟೆಯ ತರಬೇತಿಯಲ್ಲಿ ನಿಮ್ಮೂರಿನ ಸುವರ್ಣಮ್ಮ ಟೀಚರ್ ನನ್ನ ಪಕ್ಕದಲ್ಲಿ ಕೂತಿದ್ದರು. ಭತ್ತದ ನಾಟಿಗೆಂದು ದೂರದಿಂದ ಕಂಪ್ಲಿಗೆ ಬರುವವರ ಮಕ್ಕಳಿಗೆ ನೀವು ನಿಮ್ಮ ರೈಸ್ ಮಿಲ್ಲಿನ ಅಂಗಳದಲ್ಲಿ ಸಂಜೆ ಊಟ ಹಾಕುವ ವಿಷಯ ಅವರಿಂದಲೇ ತಿಳಿಯಿತು. ಆ ಮಕ್ಕಳ ಹೆಸರು ಅಲ್ಲಿನ ಯಾವ ಶಾಲೆಯಲ್ಲೂ ಇರುವುದಿಲ್ಲ, ಹಾಗಾಗಿ ಬಿಸಿಯೂಟವೂ ಸಿಗುವುದಿಲ್ಲ ಎಂದು ಹೇಳಿದರು. ಅವತ್ತಿಂದ ಅದೇ ತಲೆಯಲ್ಲಿದೆ.

ಈ ವರ್ಷ ನಮ್ಮ ಶಾಲೆಯಲ್ಲಿ ‘ಓದಿ ಉಣಿಸೋಣ’ ಎಂಬ ಕಾರ್ಯಕ್ರಮ ಶುರು ಮಾಡಿದ್ದೇವೆ. ಮಕ್ಕಳು ತಮ್ಮ ಓಣಿಯ ಮನೆ, ಅಂಗಡಿಗಳಿಗೆ ಹೋಗಿ, "ನಾನು ಒಂದು ಪುಸ್ತಕ ಓದಿ ಮುಗಿಸಿದರೆ ನೀವು ಇಷ್ಟು ಕೊಡಬೇಕು" ಎಂದು ಒಪ್ಪಿಸಿಕೊಂಡು ಬರುತ್ತಾರೆ. ಓದಿದ ಮೇಲೆ ಆ ಕತೆಯನ್ನು ಕೊಟ್ಟವರ ಮುಂದೆ ನಿಂತು ಹೇಳಬೇಕು. ಬಂದ ಹಣವೆಲ್ಲ ನಿಮ್ಮ ಅಡುಗೆಮನೆಗೆ. ನೀವು ಒಪ್ಪುತ್ತೀರಿ ಎಂದುಕೊಂಡಿದ್ದೇನೆ.

ಫೋನಿನಲ್ಲೇ ಮಾತಾಡಬಹುದಿತ್ತು. ಆದರೆ ಮಕ್ಕಳಿಗೆ ಓದಿ, ಬರೆಯಿರಿ ಎಂದು ಹೇಳುತ್ತ ನಾನು ಮಾತ್ರ ವಾಟ್ಸಾಪ್ ಒತ್ತುತ್ತ ಕೂತರೆ ಚೆನ್ನಾಗಿರುವುದಿಲ್ಲ. ನಿಮ್ಮ ಪತ್ರವನ್ನು ತರಗತಿಯಲ್ಲಿ ಓದಿ ಹೇಳುವ ಆಸೆಯೂ ಇದೆ.

ಒಂದು ಕೋರಿಕೆ. ನಮ್ಮ ದೊಡ್ಡ ಪ್ರಾಯೋಜಕರು ಲಿಂಗರಾಜ್ ಎಂದು, ಅದಿರು ಸಾಗಿಸುವ ಲಾರಿಗಳ ಮಾಲೀಕರು. ಇಡೀ ತರಗತಿಯ ಓದಿಗೆ ಅವರೇ ಅರ್ಧ ಕೊಡುತ್ತಿದ್ದಾರೆ. ಆಗಸ್ಟ್ ಹದಿನೈದಕ್ಕೆ ಧ್ವಜ ಹಾರಿಸಲು ಬರುತ್ತಾರೆ. ಅಷ್ಟರೊಳಗೆ ಆ ಮಕ್ಕಳು ಊಟ ಮಾಡುತ್ತಿರುವ ನಾಲ್ಕಾರು ಫೋಟೊ, ಅವರ ಕೈಯಿಂದಲೇ ಬರೆಸಿದ ಎರಡು ಸಾಲು ಕೃತಜ್ಞತೆ ಕಳಿಸಿಕೊಟ್ಟರೆ ಬೋರ್ಡಿಗೆ ಹಾಕುತ್ತೇನೆ.

ನಿಮ್ಮ ಉತ್ತರದ ದಾರಿ ನೋಡುತ್ತಿರುವ
ಚಂದ್ರಕಲಾ

*

ಕಂಪ್ಲಿ
21 ಜುಲೈ 2025

ಚಂದ್ರಕಲಾ ಟೀಚರ್ ಅವರಿಗೆ,

ಪತ್ರ ತಲುಪಿತು. ಅಂಚೆಯವನು ಮಿಲ್ಲಿನ ಗೇಟಿನಲ್ಲಿ ನಿಂತು, "ಅಮ್ಮಾರ, ಬ್ಯಾಂಕಿಂದಲ್ರಿ, ಕರೆಂಟ್ ಆಫೀಸಿಂದಲ್ರಿ, ಮನಿಷ್ಯಾರು ಬರದಾರ್ರಿ" ಎಂದು ಕೂಗಿ ಕೊಟ್ಟ. ಕೈಬರಹದ ಪತ್ರ ಬಂದು ಎಷ್ಟೋ ಕಾಲವಾಗಿತ್ತು.

ನಿಮ್ಮ ಮಕ್ಕಳು ಓದಿ ಕೊಡುವುದನ್ನು ಸಂತೋಷದಿಂದ ತೆಗೆದುಕೊಳ್ಳುತ್ತೇನೆ. ಕಾಲುವೆಗೆ ನೀರು ಬಿಟ್ಟಿದ್ದಾರೆ, ನಾಟಿಯವರು ಬರತೊಡಗಿದ್ದಾರೆ. ದೇವದುರ್ಗದ ಕಡೆಯವರೇ ಹೆಚ್ಚು. ತಾಯಂದಿರು ನಸುಕಿಗೆ ಗದ್ದೆಗೆ ಇಳಿದರೆ ಸಂಜೆಯವರೆಗೆ ಸೊಂಟ ಎತ್ತುವುದಿಲ್ಲ. ಮಕ್ಕಳಿಗೆ ಬೆಳಗಿನ ರೊಟ್ಟಿಯಷ್ಟೇ. ಅದಕ್ಕೆ ಸಂಜೆ ಬೇಗ ಅನ್ನ, ಬೇಳೆ ಸಾರು, ಮೇಲೆ ಶೇಂಗಾ ಚಟ್ನಿಪುಡಿ. ಅಕ್ಕಿ ಮಿಲ್ಲಿನದೇ, ಬೇಳೆಯೇ ತುಟ್ಟಿ. ಅಡುಗೆಯವಳು ದುರುಗವ್ವ. ಅವಳ ಸಾರಿನ ವಾಸನೆಗೆ ನನ್ನ ಮೈದುನ ಜಂಬುನಾಥ್ ಕೂಡ ಮಿಲ್ಲಿನ ಲೆಕ್ಕಪತ್ರ ಬಿಟ್ಟು ಎದ್ದು ಬರುತ್ತಾನೆ.

ನಿಮ್ಮ ಮಕ್ಕಳು ಏನೇನು ಓದುತ್ತಾರೆ? ಬರೆಯಿರಿ. ಇಲ್ಲಿ ಕೇಳಲು ನನಗೊಬ್ಬಳಿಗಾದರೂ ಇಷ್ಟ.

ನೀಲಗಂಗಮ್ಮ

*

ಸಂಡೂರು
26 ಜುಲೈ 2025

ಮಾನ್ಯ ನೀಲಗಂಗಮ್ಮನವರೇ,

ನಿಮ್ಮ ಪತ್ರವನ್ನು ತರಗತಿಯಲ್ಲಿ ಓದಿದೆ. ಅಂಚೆಯವನ ಮಾತಿಗೆ ಮಕ್ಕಳು ಬಿದ್ದು ಬಿದ್ದು ನಕ್ಕರು. ಫೋಟೊ ಮತ್ತು ಕೃತಜ್ಞತೆಯ ಸಾಲುಗಳ ಬಗ್ಗೆ ನೀವು ಏನೂ ಬರೆದಿಲ್ಲ, ಕೆಲಸದ ಗಡಿಬಿಡಿಯಲ್ಲಿ ಮರೆತಿರಬೇಕು. ಲಿಂಗರಾಜ್ ಎರಡು ಸಲ ಕೇಳಿದರು. "ಟೀಚರ್, ರೊಕ್ಕ ಕೊಡಾಕ ನಂದೇನೂ ಅಡ್ಡಿಯಿಲ್ರಿ. ಆದ್ರ ಹಸದ ಮಕ್ಳ ಮಖ ಒಮ್ಮೆ ತೋರಿಸ್ರಿ" ಎನ್ನುತ್ತಾರೆ. ಅವರು ಕೇಳುವುದರಲ್ಲಿ ತಪ್ಪೇನಿದೆ ಹೇಳಿ?

ಓದು ಜೋರಾಗಿ ಸಾಗಿದೆ. ಎಲ್ಲರಿಗಿಂತ ಮುಂದೆ ಇರುವವಳು ಶಾಂಭವಿ. ಸಣ್ಣ ಮೈ, ದೊಡ್ಡ ಜಡೆ. ನಮ್ಮದು ಅನುದಾನವಿಲ್ಲದ ಶಾಲೆಯಾದ್ದರಿಂದ ಇಲ್ಲೂ ಬಿಸಿಯೂಟವಿಲ್ಲ, ಮಕ್ಕಳು ಮನೆಯಿಂದ ಡಬ್ಬಿ ತರುತ್ತಾರೆ. ಮಧ್ಯಾಹ್ನ ಬೆಲ್ ಹೊಡೆದ ಕೂಡಲೇ ಎಲ್ಲರೂ ಬೇವಿನ ಮರದ ಕೆಳಗೆ ಓಡಿದರೆ ಈ ಹುಡುಗಿ ಡಬ್ಬಿಯನ್ನು ಮುಚ್ಚಿಯೇ ಇಟ್ಟುಕೊಂಡು, ಅದರ ಮೇಲೆ ಪುಸ್ತಕ ಒರಗಿಸಿ ಓದುತ್ತ ಕೂರುತ್ತಾಳೆ. "ಊಟ ಮಾಡೇ" ಎಂದರೆ, "ಇದೊಂದು ಕತಿ ಮುಗುಸ್ತೀನ್ರಿ ಟೀಚರ್, ಆಮ್ಯಾಲ ಉಣ್ತೀನಿ" ಎನ್ನುತ್ತಾಳೆ. ಮೊನ್ನೆ ಪ್ರಾರ್ಥನೆಯಲ್ಲಿ ಅವಳನ್ನು ಮುಂದೆ ನಿಲ್ಲಿಸಿ, ಹಸಿದವರಿಗಾಗಿ ತನ್ನ ಊಟ ಮರೆತು ಓದುವವಳು ಇವಳು ಎಂದು ಹೊಗಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಇದುವರೆಗೆ ಬಂದ ಹಣವನ್ನು ಸುವರ್ಣಮ್ಮನವರ ಮೂಲಕ ಕಳಿಸಿದ್ದೇನೆ. ಜೊತೆಗೆ ಒಂದು ಪುಸ್ತಕವಿದೆ. ಅದು ಶಾಂಭವಿಯದೇ ಹಟ. "ಆ ಮಕ್ಳು ಉಂಡು ಸುಮ್ನ ಕುಂದ್ರತಾರೇನ್ರಿ? ಅವರಿಗೂ ಓದಾಕ ಬ್ಯಾಡೇನು?" ಎಂದಳು. ಕರಡಿಮರಿಯೊಂದು ತಾಯಿಯ ಬೆನ್ನ ಮೇಲೆ ಕೂತು ಗುಡ್ಡ ದಾಟುವ ಕತೆ.

ಫೋಟೊ ಮಾತ್ರ ದಯವಿಟ್ಟು ಮರೆಯಬೇಡಿ.

ಚಂದ್ರಕಲಾ

*

ಕಂಪ್ಲಿ
4 ಆಗಸ್ಟ್ 2025

ಚಂದ್ರಕಲಾ ಅವರಿಗೆ,

ಹಣ ಬಂತು, ಪುಸ್ತಕವೂ ಬಂತು. ಫೋಟೊ ನಾನು ಮರೆತಿಲ್ಲ, ಕಳಿಸುವುದಿಲ್ಲ. ಮೊದಲ ಪತ್ರದಲ್ಲೇ ಹೇಳಬೇಕಿತ್ತು. ನಿಮ್ಮ ಉತ್ಸಾಹಕ್ಕೆ ತಣ್ಣೀರು ಎರಚಲು ಮನಸ್ಸಾಗದೆ ಸುಮ್ಮನಾದೆ.

ಈ ಊಟ ಶುರು ಮಾಡಿದ ಮೊದಲ ವಾರ ಒಂದು ಮಗುವೂ ಸರಿಯಾಗಿ ಉಣ್ಣಲಿಲ್ಲ. ತಟ್ಟೆ ಹಿಡಿದು ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದವು. ಇನ್ನಷ್ಟು ಬೇಕೇ ಎಂದರೆ ಬೇಡ ಎಂದು ತಲೆ ಅಲ್ಲಾಡಿಸುತ್ತಿದ್ದವು. ಕಡೆಗೆ ದುರುಗವ್ವ ಸೌಟು ಹಿಡಿದು ಹೇಳಿದಳು: "ಲೇ, ಇದೇನು ಧರ್ಮದ ಕೂಳಲ್ಲ. ನಿಮ್ಮವ್ವ ನಾಟಿ ಹಚ್ಚಿದ ಭತ್ತನ ಈ ಮಿಲ್ಲಿಗೆ ಬರೋದು. ನಾಟಿ ಹಚ್ಚಿದವರ ಮಕ್ಳಿಗೆ ಉಣ್ಣಾಕ ಹಾಕೋದು ಮಿಲ್ಲಿನ ಪದ್ಧತಿ. ಹಾಕಲಿಲ್ಲಂದ್ರ ಈ ಅಮ್ಮಾರದ ತಪ್ಪು." ಅಂಥ ಪದ್ಧತಿ ಯಾವ ಮಿಲ್ಲಿನಲ್ಲೂ ಇಲ್ಲ. ಆದರೆ ಅವತ್ತಿನಿಂದ ಮಕ್ಕಳು ತಟ್ಟೆ ಬಡಿದು ಕೇಳತೊಡಗಿದರು. ಸಾರಿಗೆ ಉಪ್ಪು ಕಡಿಮೆಯಾದರೆ ನನ್ನನ್ನೇ ಬೈಯುತ್ತಾರೆ. ನಾನೂ ಆ ಮಾತನ್ನೇ ನಡೆಸಿಕೊಂಡು ಬಂದಿದ್ದೇನೆ.

ನಿಮ್ಮ ಮಕ್ಕಳ ಓದಿನ ವಿಷಯ ಇವರಿಗೆ ಗೊತ್ತಿಲ್ಲ. ಕೃತಜ್ಞತೆಯ ಸಾಲು ಬರೆಸಬೇಕೆಂದರೆ ಮೊದಲು ಅವರಿಗೆ ‘ನೀವು ಹಸಿದವರು’ ಎಂದು ಹೇಳಬೇಕು. ನನ್ನಿಂದ ಆಗದು. ಇದರಿಂದ ಲಿಂಗರಾಜ್ ಅವರು ಹಿಂದೆ ಸರಿದರೆ ನನಗೆ ಬೇಸರವಿಲ್ಲ, ಅಡುಗೆ ಹೇಗೋ ನಡೆಯುತ್ತದೆ.

ಇನ್ನೊಂದು ಮಾತು. ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನಾನು ತಿಳಿದದ್ದು ತಪ್ಪಾಗಿದ್ದರೆ ದೊಡ್ಡವಳೆಂದು ಕ್ಷಮಿಸಿ. ನಿಮ್ಮ ಶಾಂಭವಿ ಡಬ್ಬಿ ತೆರೆಯದೆ ಓದುತ್ತಾಳೆ ಎಂದಿರಿ. ಇಲ್ಲಿ ಇಷ್ಟು ಮಕ್ಕಳನ್ನು ನೋಡಿದ್ದೇನೆ. ಹೊಟ್ಟೆ ತುಂಬಿದ ಮಗು ಓದಿನ ನಡುವೆಯೂ ಡಬ್ಬಿಗೆ ಒಮ್ಮೆಯಾದರೂ ಕೈ ಹಾಕುತ್ತದೆ. ಒಂದು ದಿನ ಯಾರಿಗೂ ಕಾಣದಂತೆ ಆ ಡಬ್ಬಿಯನ್ನು ಕೈಯಲ್ಲಿ ಎತ್ತಿ ನೋಡಿ.

ನೀಲಗಂಗಮ್ಮ

*

ಕಂಪ್ಲಿ
19 ಆಗಸ್ಟ್ 2025

ಚಂದ್ರಕಲಾ ಟೀಚರ್,

ನಿಮ್ಮಿಂದ ಪತ್ರವಿಲ್ಲ. ಸಿಟ್ಟು ಬಂದಿರಬೇಕು. ನಿಮ್ಮ ತರಗತಿಯ ಹುಡುಗಿಯ ವಿಷಯಕ್ಕೆ ದೂರದಲ್ಲಿ ಕೂತು ಬಾಯಿ ಹಾಕಿದೆ. ಹಾಗೆ ಬರೆಯಬಾರದಿತ್ತೋ ಏನೋ. ಅಡುಗೆ ನಡೆದಿದೆ, ಅದರ ಚಿಂತೆ ನಿಮಗೆ ಬೇಡ.

ಪುಸ್ತಕದ ಸಮಾಚಾರ ಹೇಳುವುದಕ್ಕಷ್ಟೇ ಇದನ್ನು ಬರೆಯುತ್ತಿದ್ದೇನೆ. ನಾಲ್ಕನೆಯ ತರಗತಿಯವರೆಗೆ ಓದಿ ಬಿಟ್ಟ ಹುಡುಗಿ ಒಬ್ಬಳಿದ್ದಾಳೆ, ವಿರುಪಮ್ಮ. ಅಜ್ಜಿಯ ಹೆಸರು ಇಟ್ಟಿದ್ದಾರೆ, ಮಾತೂ ಅಜ್ಜಿಯದೇ. ಸೊಂಟದ ಮೇಲೆ ಯಾವಾಗಲೂ ತಮ್ಮ. ಅವಳು ಪುಸ್ತಕ ತೆಗೆದುಕೊಂಡು ಅಕ್ಷರ ಅಕ್ಷರ ಕೂಡಿಸಿ ಓದಲು ಹೊರಟಳು. ಕರಡಿಮರಿ ತಾಯಿಯ ಬೆನ್ನಿನಿಂದ ಜಾರುವ ಜಾಗ ಬಂದಾಗ ಮಕ್ಕಳೆಲ್ಲ ಸುತ್ತ ಕೂತಿದ್ದವು. ದುರುಗವ್ವ, "ಖರೇನ ಹಂಗ ಕುಂದರ್ತಾವ. ದರೋಜಿ ಗುಡ್ಡದ ಕಡೆ ನಮ್ಮಪ್ಪ ಕಣ್ಣಾರೆ ಕಂಡಿದ್ದ" ಎನ್ನುತ್ತ ಒಲೆ ಬಿಟ್ಟು ಎದ್ದು ಬಂದಳು. ಅನ್ನ ತಳ ಹಿಡಿಯಿತು. ಒಬ್ಬರೂ ದೂರಲಿಲ್ಲ. ಈಗ ದಿನವೂ ಉಣ್ಣುವ ಮುಂಚೆ ಓದು ಆಗಲೇಬೇಕು. ಕತೆ ಮುಗಿದುಹೋಗಿದೆ, ಆದರೂ ಮತ್ತೆ ಮೊದಲಿನಿಂದ.

ಇದನ್ನು ಶಾಂಭವಿಗೆ ಹೇಳಿದರೆ ಸಂತೋಷ.

ನೀಲಗಂಗಮ್ಮ

*

ಸಂಡೂರು
24 ಆಗಸ್ಟ್ 2025

ಅಕ್ಕ,

ಹೀಗೆ ಕರೆಯಬಹುದಲ್ಲವೇ? ಸಿಟ್ಟು ಬಂದದ್ದು ನಿಜ, ಒಂದು ದಿನದ ಮಟ್ಟಿಗೆ. ನಮ್ಮ ಮಕ್ಕಳು ಇಷ್ಟು ಓದುತ್ತಿರುವಾಗ ಅಲ್ಲಿ ಯಾರಿಗೂ ಗೊತ್ತೇ ಇಲ್ಲವೇ ಎಂದು ಸಂಕಟವಾಯಿತು. ನೀವು ದೊಡ್ಡ ಮನೆಯವರು, ನಿಮ್ಮ ಹಮ್ಮು ನಿಮಗೆ ಎಂದುಕೊಂಡೆ. ಮರುದಿನ ಮಧ್ಯಾಹ್ನ ಶಾಂಭವಿ ನೀರು ಕುಡಿಯಲು ಎದ್ದಾಗ ಡಬ್ಬಿ ಎತ್ತಿ ನೋಡಿದೆ.

ಹಗುರವಾಗಿತ್ತು, ಅಕ್ಕ. ಒಳಗೆ ಏನೂ ಇರಲಿಲ್ಲ. ತೊಳೆದು ಒರೆಸಿದ ಡಬ್ಬಿ. ನಲ್ಲಿಯ ಹತ್ತಿರ ಅವಳು ಲೋಟದ ಮೇಲೆ ಲೋಟ ನೀರು ಕುಡಿಯುತ್ತಿದ್ದಳು. ಇಂಥವಳನ್ನೇ ನಾನು ಎಲ್ಲರ ಮುಂದೆ ನಿಲ್ಲಿಸಿ ಚಪ್ಪಾಳೆ ಹೊಡೆಸಿದ್ದೆ.

ಸಂಜೆ ಅವಳ ಮನೆಗೆ ಹೋದೆ. ತಂದೆ ಎರ್ರಿಯಪ್ಪ ಲಾರಿ ಡ್ರೈವರ್. ಮಳೆಗೆ ಗಣಿ ನಿಂತಿದೆ, ಲೋಡ್ ಇಲ್ಲ, ಹಾಗಾಗಿ ಕೆಲಸವೂ ಇಲ್ಲ. ಸಂಪಾದನೆ ಚೆನ್ನಾಗಿದ್ದಾಗ ಮಗಳನ್ನು ನಮ್ಮ ಶಾಲೆಗೆ ಸೇರಿಸಿದ್ದರು. ಈಗ ಬಿಡಿಸಿದರೆ ಓಣಿಯವರು ಆಡಿಕೊಳ್ಳುತ್ತಾರೆಂಬ ಅಂಜಿಕೆ. ತಾಯಿ ನನ್ನನ್ನು ಕೂರಿಸಿ ಚಹಾ ಕೊಟ್ಟರು. ಸಕ್ಕರೆ ಪಕ್ಕದ ಮನೆಯಿಂದ ಬಂದದ್ದು ನನಗೆ ಕಾಣಿಸಿತು. "ಡಬ್ಬಿ ಇಲ್ದಂಗ ಹೋಗಬ್ಯಾಡ, ಮಂದಿ ಕೇಳ್ತಾರ ಅಂತ ಖಾಲಿನ ಕೊಟ್ಟು ಕಳಿಸ್ತಿದ್ದೆ ಟೀಚರ್. ಓದಾಕ ಕುಂತ್ರ ಹಸಿವು ಗೊತ್ತಾಗಂಗಿಲ್ಲಮ್ಮಾ ಅಂತಾಳ್ರಿ" ಎಂದರು. ನಾನು ಚಹಾ ಕುಡಿದು ಎದ್ದು ಬಂದೆ.

ನಿಮಗೆ ಬರೆಯಲು ಎಷ್ಟೋ ಸಲ ಕೂತೆ. ಆದರೆ ಇಲ್ಲೇ ಹಸಿದ ಮಗು ಇದೆ ಎಂದರೆ ನೀವು ನಮ್ಮ ಹಣವನ್ನು ಮುಟ್ಟುವುದಿಲ್ಲ ಎಂಬ ಭಯವಿತ್ತು. ಅದಕ್ಕೇ ಸುಮ್ಮನಿದ್ದೆ.

ಮುಂದೇನು ಎಂದು ಯೋಚಿಸುವಾಗ ದುರುಗವ್ವನ ಉಪಾಯ ನೆನಪಾಯಿತು. ತರಗತಿಯಲ್ಲಿ ಹೇಳಿದೆ: "ನಾಳೆಯಿಂದ ಎಲ್ಲರ ಡಬ್ಬಿಯೂ ಒಂದೇ ದೊಡ್ಡ ತಾಟಿಗೆ. ಇದು ನಮ್ಮ ತರಗತಿಯ ಪದ್ಧತಿ. ನನ್ನದೂ ಸೇರಿ." ಮೊದಲ ದಿನ ಗದ್ದಲವೋ ಗದ್ದಲ. ಚಿತ್ರಾನ್ನದ ಪಕ್ಕ ರೊಟ್ಟಿ, ರೊಟ್ಟಿಯ ಪಕ್ಕ ಅವಲಕ್ಕಿ. ಯಾರ ಡಬ್ಬಿಯಿಂದ ಏನು ಬಿತ್ತು ಎಂದು ಯಾರೂ ನೋಡಲಿಲ್ಲ. ಶಾಂಭವಿ ಪುಸ್ತಕ ಪಕ್ಕಕ್ಕಿಟ್ಟು ಬಂದು ನನ್ನ ಪಕ್ಕದಲ್ಲೇ ಕೂತಳು. ಉಂಡಳು. ನಾನು ಅವಳ ಕಡೆ ನೋಡದೆ ಉಂಡೆ.

ಆಗಸ್ಟ್ ಹದಿನೈದಕ್ಕೆ ಲಿಂಗರಾಜ್ ಬಂದರು. ಬೋರ್ಡು ಖಾಲಿ ಇತ್ತು. "ಫೋಟೊ ಎಲ್ರಿ ಟೀಚರ್?" ಎಂದರು. "ಫೋಟೊ ಇಲ್ರಿ. ನಮ್ಮ ಮಕ್ಳ ಸಂಗಾಟ ಕುಂತು ಊಟ ಮಾಡ್ರಿ, ಆಮ್ಯಾಲ ಮಾತಾಡೋಣು" ಎಂದೆ. ಅವರು ಬಿಳಿ ಪ್ಯಾಂಟು ನೋಡಿಕೊಂಡು, ಕರವಸ್ತ್ರ ಹಾಸಿ ತಾಟಿನ ಮುಂದೆ ಕೂತರು. ಇನ್ನೂ ಮೊದಲ ತುತ್ತು ಬಾಯಲ್ಲಿದೆ, ಎದುರಿಗೆ ಕೂತ ಶಾಂಭವಿ ಕೇಳಿಯೇಬಿಟ್ಟಳು: "ಮಾಲಕರ, ನಮ್ಮಪ್ಪಗ ಲೋಡ್ ಯಾವಾಗ ಸಿಗ್ತೈತ್ರಿ?"

ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಎರ್ರಿಯಪ್ಪ ಅವರದೇ ಲಾರಿಯ ಡ್ರೈವರ್!

ಲಿಂಗರಾಜ್ ಅವಳ ಮುಖ ನೋಡಿದರು. ತಾಟು ನೋಡಿದರು. "ನೀ ಎರ್ರಿಯಪ್ಪನ ಮಗಳೇನವ್ವಾ?" ಎಂದರು. ತಾಟಿನಲ್ಲಿ ಇದ್ದದ್ದನ್ನೆಲ್ಲ ಮಕ್ಕಳ ಜೊತೆ ಮುಗಿಸಿಯೇ ಎದ್ದರು. ಹೋಗುವಾಗ ಗೇಟಿನ ಹತ್ತಿರ ನಿಂತು, "ಕಂಪ್ಲಿಯವರು ಫೋಟೊ ಕೊಡದಿದ್ದದ್ದು ಚಲೋ ಆತ್ರಿ" ಎಂದರು. ಎರ್ರಿಯಪ್ಪನನ್ನು ಈಗ ಶೆಡ್ಡಿನಲ್ಲಿ ಲಾರಿ ರಿಪೇರಿಗೆ ಹಚ್ಚಿದ್ದಾರೆ, ಗಣಿ ಶುರುವಾಗುವವರೆಗೆ. ನಿಮ್ಮ ಪಾಲಿನ ಹಣ ಪೂರ್ತಿ ಬಂದಿದೆ, ಇದರ ಜೊತೆಗೇ ಕಳಿಸುತ್ತಿದ್ದೇನೆ.

ತೆಗೆದುಕೊಳ್ಳುವುದಿಲ್ಲ ಎನ್ನಬೇಡಿ. ಅಡುಗೆ ನಡೆದಿದೆ ಎಂದು ಬರೆದಿರಿ. ಬೇಳೆ ನಿಲ್ಲಿಸಿ ಬರೀ ಹುಣಿಸೆ ಸಾರಿನಲ್ಲಿ ನಡೆಸಿದ್ದೀರೆಂದು ಸುವರ್ಣಮ್ಮ ಹೇಳಿದರು. ಮುಚ್ಚಿಡುವುದರಲ್ಲಿ ನಾವಿಬ್ಬರೂ ಒಂದೇ.

ಒಂದು ಸಣ್ಣ ಕೊರತೆ ಉಳಿದಿದೆ. ಒಂದೇ ತಾಟು ಮಾಡಿದ ಮೇಲೆ ತಿಳಿಯಿತು, ಶಾಂಭವಿಯಂಥವರು ಇನ್ನೂ ಕೆಲವರಿದ್ದಾರೆ. ಲೋಡ್ ಇಲ್ಲದ ಮನೆಗಳ ಮಕ್ಕಳು. ತಾಟು ಬೇಗ ಬರಿದಾಗುತ್ತದೆ. ಏನಾದರೂ ದಾರಿ ಹುಡುಕುತ್ತೇನೆ.

ನಿಮ್ಮ ತಂಗಿ
ಚಂದ್ರಕಲಾ

*

ಕಂಪ್ಲಿ
3 ಸೆಪ್ಟೆಂಬರ್ 2025

ತಂಗಿ ಚಂದ್ರಕಲಾ,

ನಿನ್ನ ಪತ್ರವನ್ನು ದುರುಗವ್ವನಿಗೆ ಓದಿ ಹೇಳಿದೆ. ಲಿಂಗರಾಜ್ ಕರವಸ್ತ್ರ ಹಾಸಿ ಕೂತ ಜಾಗವನ್ನು ಮೂರು ಸಲ ಓದಿಸಿಕೊಂಡಳು. ತನ್ನ ಉಪಾಯ ಸಂಡೂರಿನ ಶಾಲೆಯವರೆಗೆ ಹೋಯಿತೆಂದು ಈಗ ನಡೆಯುವ ರೀತಿಯೇ ಬೇರೆಯಾಗಿದೆ. ಬೇಳೆ ಮತ್ತೆ ಶುರುವಾಗಿದೆ. ಹಣ ತೆಗೆದುಕೊಂಡೆ, ಜಗಳವಿಲ್ಲ.

ಇಲ್ಲೊಂದು ಘಟನೆ ನಡೆಯಿತು. ವಿರುಪಮ್ಮ ಪುಸ್ತಕ ಹಿಡಿದು ನನ್ನ ಮುಂದೆ ಬಂದು ನಿಂತಳು. ಒಳಗೆ ಮೊದಲ ಪುಟದಲ್ಲಿ ಶಾಂಭವಿ, ಐದನೆಯ ತರಗತಿ, ಸಂಡೂರು ಎಂದು ಬರೆದಿದೆ. "ಅಮ್ಮಾರ, ಈ ಶಾಂಭವಿ ಯಾರ್ರಿ? ನಮಗ್ಯಾಕ ಪುಸ್ತಕ ಕೊಟ್ಳು?" ಎಂದು ಕೇಳಿದಳು. ಉಳಿದವರೂ ತಟ್ಟೆ ಹಿಡಿದು ನೋಡುತ್ತಿದ್ದರು. ಸುಳ್ಳು ಹೇಳಲು ಬಾಯಿ ತೆರೆದೆ, ಬರಲಿಲ್ಲ. ಸಂಡೂರಿನಲ್ಲಿ ನಿಮ್ಮ ವಯಸ್ಸಿನ ಮಕ್ಕಳು ಪುಸ್ತಕ ಓದುತ್ತಾರೆ, ಅವರು ಓದಿದ್ದಕ್ಕೆ ಅಲ್ಲಿನ ಜನ ಹಣ ಕೊಡುತ್ತಾರೆ, ಅದರಿಂದ ಇಲ್ಲಿ ಬೇಳೆ ಬರುತ್ತದೆ ಎಂದು ಹೇಳಿಬಿಟ್ಟೆ. ಇನ್ನು ಇವರು ಗೋಡೆಯ ಕಡೆ ತಿರುಗಿ ಕೂರುತ್ತಾರೆ ಎಂದುಕೊಂಡೆ.

ವಿರುಪಮ್ಮ ತಮ್ಮನನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸಿದಳು. ಆಮೇಲೆ ಕೇಳಿದಳು:

"ಹಂಗಾದ್ರ ನಾನೂ ಇಷ್ಟು ದಿನ ಓದೀನಲ್ರಿ. ನಾನು ಓದಿದ್ದಕ್ಕ ಊಟ ಯಾರಿಗೆ ಹೋಗ್ತದ?"

ಚಂದ್ರಕಲಾ, ನನಗೆ ಐವತ್ತಾರು ವಯಸ್ಸು. ಇಂಥ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ನಿನ್ನ ಬರಿದಾಗುವ ತಾಟು ನೆನಪಾಯಿತು. "ಸಂಡೂರಿನ ಶಾಲೆಗೆ ಹೋಗ್ತದ. ಅಲ್ಲಿ ಎಲ್ಲಾರೂ ಒಂದ ತಾಟಿನ್ಯಾಗ ಉಣ್ತಾರ, ಅಕ್ಕಿ ಕಡಿಮಿ ಬಿದ್ದಾವ" ಎಂದೆ. "ಮತ್ತ ಯಾರು ಕೊಡ್ತಾರ?" ಎಂದು ಮರುಪ್ರಶ್ನೆ. ಆಗ ದುರುಗವ್ವ ಜಂಬುನಾಥನ ಕಡೆ ಬೆರಳು ತೋರಿಸಿ, "ಅಗೋ, ಸಾವ್ಕಾರ್ರು ಅಲ್ಲೇ ಕುಂತಾರಲ್ಲ" ಎಂದಳು. ಅವನು ಸಾರಿನ ಬಟ್ಟಲು ಕೈಯಲ್ಲಿ ಹಿಡಿದು ಸಿಕ್ಕಿಬಿದ್ದ.

ವಿರುಪಮ್ಮ ಅವನ ಮುಂದೆ ನಿಂತು ಕರಡಿಯ ಕತೆ ಪೂರ್ತಿ ಓದಿದಳು. ಎರಡು ಕಡೆ ತಡವರಿಸಿದಳು, ತಾನೇ ತಿದ್ದಿಕೊಂಡಳು. ಮುಗಿದ ಮೇಲೆ ಜಂಬುನಾಥ್ ಒಳಗೆ ಹೋಗಿ ಒಂದು ಅಕ್ಕಿ ಚೀಲ ಹೊರಗೆ ತಂದಿಡಿಸಿದ. ಮರುದಿನ ಹಮಾಲರು, "ನಮಗೂ ಹೇಳವಾ ಕತಿ" ಎಂದು ಕೂತರು, ಕೈಲಾದಷ್ಟು ಹಾಕಿದರು. ವಿರುಪಮ್ಮನ ತಾಯಿ ಗದ್ದೆಯಿಂದ ಬಂದವಳೇ, ಕೆಸರು ಕಾಲಿನಲ್ಲೇ ನಿಂತು ಮಗಳ ಓದು ಕೇಳಿ, ಸೆರಗಿನಲ್ಲಿ ಕಟ್ಟಿಕೊಂಡಿದ್ದ ಅಕ್ಕಿಯಲ್ಲಿ ಒಂದು ಹಿಡಿ ಹಾಕಿದಳು. ಬೇಡವೆನ್ನಲು ಹೋದೆ. "ಯಾಕ್ರಿ? ನನ್ನ ಮಗಳು ಓದಿಲ್ಲೇನ್ರಿ?" ಎಂದಳು.

ಚೀಲಗಳನ್ನು ಹೊಸಪೇಟೆಯ ಬಸ್ಸಿಗೆ ಹಾಕಿಸುತ್ತಿದ್ದೇನೆ. ಅಲ್ಲಿಂದ ಸಂಡೂರಿಗೆ ಲಿಂಗರಾಜ್ ಅವರ ಲಾರಿ ಯಾವುದಾದರೂ ಖಾಲಿ ಬರುತ್ತಿದ್ದರೆ ತರಿಸಿಕೋ. ಇನ್ನಷ್ಟು ಪುಸ್ತಕ ಕಳಿಸು. ಕರಡಿ ಗುಡ್ಡ ದಾಟಿ ದಾಟಿ ಸುಸ್ತಾಗಿದೆ.

ಅಕ್ಕ
ನೀಲಗಂಗಮ್ಮ

*

ಸಂಡೂರು
12 ಸೆಪ್ಟೆಂಬರ್ 2025

ಅಕ್ಕ,

ಅಕ್ಕಿ ಬಂತು. ರಿಪೇರಿಯ ಸಾಮಾನು ತರಲು ಹೋಗಿದ್ದ ಎರ್ರಿಯಪ್ಪನೇ ಹೊಸಪೇಟೆಯಿಂದ ಲಾರಿಯಲ್ಲಿ ತಂದು ಇಳಿಸಿದ. ಇವತ್ತು ಮೊದಲ ಸಲ ಶಾಲೆಯಲ್ಲೇ ಒಲೆ ಹೂಡಿದೆವು. ಮಕ್ಕಳ ತಾಯಂದಿರು ಇಬ್ಬರು ಬಂದು ಅನ್ನ ಮಾಡಿದರು, ಒಬ್ಬರು ಶಾಂಭವಿಯ ತಾಯಿ. ತಾಟು ಬರಿದಾಗಲಿಲ್ಲ. ಎರಡನೆಯ ಸಲ ಬಡಿಸಿಕೊಂಡವರೇ ಹೆಚ್ಚು.

ಕಂಪ್ಲಿಯ ಮಕ್ಕಳು ಓದಿದ್ದಕ್ಕೆ ಬಂದ ಅಕ್ಕಿ ಇದು ಎಂದು ಹೇಳಿದೆ. ಯಾರೂ ತಲೆ ತಗ್ಗಿಸಲಿಲ್ಲ. "ಅವರು ನಮಗಿಂತ ಚಲೋ ಓದ್ತಾರೇನ್ರಿ ಟೀಚರ್?" ಎಂದು ಹೊಟ್ಟೆಕಿಚ್ಚಿನಿಂದ ಕೇಳಿದರು. ಓದಿನ ಹಟ ಮತ್ತೆ ಏರಿದೆ. ಒಂದು ಚೀಲ ಪುಸ್ತಕ ಬರುತ್ತಿದೆ, ಮಕ್ಕಳೇ ಆರಿಸಿದ್ದು.

ಅದರ ಮೇಲೆ ಒಂದು ಲಕೋಟೆ ಇದೆ. ಊಟ ಮುಗಿದ ಮೇಲೆ ಶಾಂಭವಿ ಬೇವಿನ ಮರದ ಕೆಳಗೆ ಕೂತು ವಿರುಪಮ್ಮನಿಗೆ ಪತ್ರ ಬರೆದಳು. ತೋರಿಸೇ ಎಂದರೆ ತೋಳಿನಿಂದ ಮುಚ್ಚಿಕೊಂಡಳು. ಅಂಟು ಕೇಳಿದಳು, ನನ್ನ ಹತ್ತಿರ ಇರಲಿಲ್ಲ. ತಾಟಿನ ಅಂಚಿನಲ್ಲಿ ಉಳಿದಿದ್ದ ನಿಮ್ಮ ಅಕ್ಕಿಯ ಎರಡು ಅಗುಳು ಅನ್ನ ತೆಗೆದು, ಬೆರಳಿನಿಂದ ತೀಡಿ ಅಂಟಿಸಿದ್ದಾಳೆ. ಚೆನ್ನಾಗಿಯೇ ಹಿಡಿದಿದೆ.

ನಾನು ಒಳಗೆ ಏನಿದೆ ಎಂದು ನೋಡಿಲ್ಲ. ನೀವೂ ನೋಡಬೇಡಿ ಅಕ್ಕ. ವಿರುಪಮ್ಮನ ಕೈಗೇ ಕೊಡಿ.

ಚಂದ್ರಕಲಾ